ಸ್ಪೋರ್ಟ್ಸ್ ಕಾರಿನ ಹಿಂದಿನ ಸ್ಪಾಯ್ಲರ್ ನಿಜಕ್ಕೂ ಕಾರನ್ನು ಒತ್ತಿ ಹಿಡಿಯುತ್ತದಾ?

ನೆಕ್ಕರ್ ದಡ:
ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ಎರಡು ವರ್ಷ ಆಯಿತು. ಹೋದ ಭಾನುವಾರ ಝುಫೆನ್‌ಹೌಸನ್‌ನ ಪೋರ್ಶೆ ಮ್ಯೂಸಿಯಂಗೆ ಹೋಗಿದ್ದೆ. ಅಲ್ಲಿ 911 ಕರೇರಾ ಆರ್‌ಎಸ್ 2.7 ಹಿಂದೆ ನಿಂತು ಅದರ ಬಾತುಕೋಳಿ ಬಾಲವನ್ನೇ ಹತ್ತು ನಿಮಿಷ ನೋಡಿದೆ. ಹಿಂಭಾಗದಲ್ಲಿರುವ ಎಂಜಿನ್ ಮುಚ್ಚಳದ ತುದಿಯನ್ನು ಯಾರೋ ಮೇಲಕ್ಕೆ ಬಾಗಿಸಿದ ಹಾಗಿದೆ, ಅಷ್ಟೇ. ಜೊತೆಗಿದ್ದ ಗೆಳೆಯ "ಇದೆಲ್ಲ ಶೋಕಿಗೆ ಕಣೋ, ಇಷ್ಟು ಚಿಕ್ಕ ತುಂಡು ಒಂದು ಟನ್ ಕಾರನ್ನು ಏನು ಒತ್ತುತ್ತೆ" ಅಂದ. ನನಗೆ ಉತ್ತರ ಹೊಳೆಯಲಿಲ್ಲ.

ಇನ್ನೊಂದು ವಿಷಯ. ನನ್ನ ಹಳೇ ಹ್ಯಾಚ್‌ಬ್ಯಾಕ್ ಆಟೋಬಾನ್‌ನಲ್ಲಿ (ಇಲ್ಲಿಯ ಹೆದ್ದಾರಿ) 170 ಕಿಮೀ ವೇಗ ದಾಟಿದರೆ ಹಿಂಭಾಗ ಹಗುರ ಆದ ಹಾಗೆ ಅನ್ನಿಸುತ್ತದೆ, ಅದಕ್ಕೆ ಆನ್‌ಲೈನ್‌ನಲ್ಲಿ ಒಂದು ದೊಡ್ಡ ವಿಂಗ್ ನೋಡಿಟ್ಟಿದ್ದೇನೆ. ಹಾಕಿಸಿದರೆ ಉಪಯೋಗ ಇದೆಯಾ? ಗೊತ್ತಿದ್ದವರು ಬಿಡಿಸಿ ಹೇಳಿ.

ಗಾಳಿಲೆಕ್ಕ:
ನನ್ನ ಕೆಲಸವೇ ಗಾಳಿಯ ಹರಿವಿನ ಸಿಮ್ಯುಲೇಷನ್, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ. ಮೊದಲು ಒಂದು ಮಾತು: ಸ್ಪಾಯ್ಲರ್ ಬೇರೆ, ವಿಂಗ್ ಬೇರೆ. ವಿಂಗ್ ಅಂದರೆ ವಿಮಾನದ ರೆಕ್ಕೆಯನ್ನು ಬೋರಲು ಹಾಕಿ, ಮೇಲೂ ಕೆಳಗೂ ಗಾಳಿ ಹರಿಯುವ ಹಾಗೆ ಎತ್ತರದಲ್ಲಿ ನಿಲ್ಲಿಸಿದ್ದು. ಅದು ಕಾರನ್ನು ನೆಲಕ್ಕೆ ಒತ್ತುತ್ತದೆ. ಸ್ಪಾಯ್ಲರ್ ಬಾಡಿಗೆ ಅಂಟಿಕೊಂಡೇ ಇರುತ್ತದೆ. ಕಾರು ಮೇಲೇಳುವುದನ್ನು ತಡೆಯುವುದು ಅದರ ಮುಖ್ಯ ಕೆಲಸ.

911ರ ಬೆನ್ನು ನೋಡಿದಿರಲ್ವಾ, ರೂಫಿನಿಂದ ಬಂಪರ್ ತನಕ ಒಂದೇ ಇಳಿಜಾರು. ಗಾಳಿ ಅದಕ್ಕೆ ಅಂಟಿಕೊಂಡು ಜೋರಾಗಿ ಜಾರುತ್ತದೆ, ಅಲ್ಲಿ ಒತ್ತಡ ಇಳಿಯುತ್ತದೆ, ಹಿಂಭಾಗವನ್ನು ಯಾರೋ ಮೇಲಕ್ಕೆ ಎಳೆದ ಹಾಗಾಗುತ್ತದೆ. ಬಾಲದ ಅಂಚು ಅಡ್ಡ ನಿಂತರೆ ಅದರ ಮುಂದಿನ ಗಾಳಿಯ ವೇಗ ತಗ್ಗಿ ಅಲ್ಲಿ ಒತ್ತಡ ಏರುತ್ತದೆ. ನಿಮ್ಮ ಗೆಳೆಯರು ಎಡವಿದ್ದು ಇಲ್ಲೇ. ಆ ಒತ್ತಡ ಬಾಲದ ಮೇಲೆ ಮಾತ್ರ ಬೀಳುವುದಿಲ್ಲ, ಅದರ ಮುಂದಿರುವ ಎಂಜಿನ್ ಮುಚ್ಚಳದ ಮೇಲೂ ಬೀಳುತ್ತದೆ. 1972ರಲ್ಲಿ ಪೋರ್ಶೆಯ ಹರ್ಮನ್ ಬರ್ಸ್ಟ್, ಟಿಲ್ಮನ್ ಬ್ರೋಡ್‌ಬೆಕ್ ಇದನ್ನು ಮಾಡಿದಾಗ ಹಿಂದಿನ ಲಿಫ್ಟ್, ಅಂದರೆ ಮೇಲಕ್ಕೆತ್ತುವ ಬಲ, ಚೆನ್ನಾಗಿ ತಗ್ಗಿತು. ಗರಿಷ್ಠ ವೇಗವೂ ಗಂಟೆಗೆ 4.5 ಕಿಮೀ ಏರಿತು.

ವಿಂಗ್ ಕಥೆ ನೋಡಬೇಕಾದರೆ 2022ರ 911 ಜಿಟಿ3 ಆರ್‌ಎಸ್ ತಗೊಳ್ಳಿ. ಕಂಪನಿ ಕೊಟ್ಟ ಲೆಕ್ಕದಲ್ಲಿ 200 ಕಿಮೀ ವೇಗಕ್ಕೆ 409 ಕೆಜಿ, 285ಕ್ಕೆ 860 ಕೆಜಿ ಡೌನ್‌ಫೋರ್ಸ್ (ನೆಲಕ್ಕೆ ಒತ್ತುವ ಬಲ). ಇದು ಹಿಂದಿನ ವಿಂಗ್ ಒಂದರದ್ದಲ್ಲ, ಮುಂಭಾಗ ಮತ್ತು ಕಾರಿನ ತಳವೂ ಸೇರಿ. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟು. ಅದೇ ಲೆಕ್ಕವನ್ನು ಕೆಳಕ್ಕೆ ಇಳಿಸಿದರೆ 100ರಲ್ಲಿ ಸುಮಾರು 100 ಕೆಜಿ, 50ರಲ್ಲಿ 25 ಕೆಜಿ. ಅಂಥ ಕಾರಿಗೂ ಊರೊಳಗೆ ಸಿಗುವುದು ಒಂದು ಚಿಕ್ಕ ಅಕ್ಕಿ ಮೂಟೆಯ ಭಾರ.

ಎಡ ಲೇನ್:
ಲಿಫ್ಟ್ ತಡೆದರೆ ಸಾಕಾ ಅನ್ನುವವರಿಗೆ ಆಡಿ ಟಿಟಿ ನೆನಪಿಸುತ್ತೇನೆ. 1998ರಲ್ಲಿ ಬಂದ ಮೊದಲ ಟಿಟಿಗೆ ಹಿಂದೆ ಏನೂ ಇರಲಿಲ್ಲ, ನುಣುಪಾದ ಗುಂಡು ಬೆನ್ನು. ಆಟೋಬಾನ್‌ನಲ್ಲಿ ಜೋರು ವೇಗದಲ್ಲಿ ಲೇನ್ ಬದಲಿಸುವಾಗ, ತಿರುವಿನಲ್ಲಿ ಹಿಂಭಾಗ ಜಾರಿ ಅಪಘಾತಗಳಾದವು, ಜನ ಸತ್ತರು. ಆಮೇಲೆ ಕಂಪನಿ ಕಾರುಗಳನ್ನು ವಾಪಸ್ ಕರೆಸಿ ಸಸ್ಪೆನ್ಷನ್ ಬದಲಿಸಿತು, ಕಾರು ಜಾರದ ಹಾಗೆ ತಾನೇ ಬ್ರೇಕ್ ಹಿಡಿಯುವ ಇಎಸ್‌ಪಿ ಕೊಟ್ಟಿತು, ಡಿಕ್ಕಿ ಮೇಲೆ ಒಂದು ಪುಟ್ಟ ಸ್ಪಾಯ್ಲರ್ ಕೂರಿಸಿತು. ಆ ಪುಟ್ಟ ಸ್ಪಾಯ್ಲರನ್ನು ಯಾರಾದರೂ ಶೋಕಿ ಅಂದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಕೆಂಗೇರಿ ಗೇರ್:
ಎಲ್ಲ ಒಪ್ಪಿದೆ, ಆದರೆ ಹ್ಯಾಚ್‌ಬ್ಯಾಕ್‌ಗೆ ಆ ವಿಂಗ್ ದಯವಿಟ್ಟು ಬೇಡ. ನಿಮ್ಮದು ಫ್ರಂಟ್ ವೀಲ್ ಡ್ರೈವ್ ಇರಬೇಕು. ವಿಂಗ್ ಕೂರುವುದು ಹಿಂದಿನ ಚಕ್ರಕ್ಕಿಂತ ಹಿಂದೆ. ಅದು ಕೆಲಸ ಮಾಡಿದರೆ ಏತದ ಹಾಗೆ, ಹಿಂದೆ ಒತ್ತಿದಷ್ಟೂ ಮುಂದೆ ಹಗುರ. ಎಳೆಯುವುದೂ ತಿರುಗಿಸುವುದೂ ಆ ಮುಂದಿನ ಚಕ್ರಗಳೇ ಅಲ್ವಾ.

ನಾನು ಮೊದಲು ನನ್ನ ಸೆಡಾನ್‌ಗೆ ಒಂದು ಹಾಕಿಸಿದ್ದೆ. ಅಂಗಡಿಯವರು ಡಿಕ್ಕಿಯ ತೆಳು ತಗಡಿಗೆ ನಾಲ್ಕು ತೂತು ಕೊರೆದು ವಾಷರ್ ಕೂಡ ಇಡದೆ ಬೋಲ್ಟ್ ಬಿಗಿದರು. ಮಳೆಗಾಲ ಬಂದಾಗ ತೂತಿನ ಸುತ್ತ ತಗಡು ತಗ್ಗಾಗಿ, ಸ್ಟೆಪ್ನಿ ಜಾಗದಲ್ಲಿ ನೀರು ನಿಂತಿತ್ತು. ಬೆಂಗಳೂರು–ಮೈಸೂರು ಹೆದ್ದಾರಿಯ ಮಿತಿ 100. ಆ ವೇಗದಲ್ಲಿ ಹಾಕಿದ್ದಕ್ಕೂ ತೆಗೆದದ್ದಕ್ಕೂ ನನಗೆ ಎಳ್ಳಷ್ಟೂ ವ್ಯತ್ಯಾಸ ಗೊತ್ತಾಗಲಿಲ್ಲ. ಮೊದಲು ಟೈರ್ ಗಾಳಿ, ಹಿಂದಿನ ಶಾಕ್ ಅಬ್ಸಾರ್ಬರ್ ನೋಡಿಸಿ.

ನೆಕ್ಕರ್ ದಡ:
ತುಂಬಾ ಥ್ಯಾಂಕ್ಸ್. ಆರ್ಡರ್ ಮಾಡುವುದಿಲ್ಲ. ಹಾಕಿದರೂ ಇಲ್ಲಿ ಅದಕ್ಕೆ ಸರಿಯಾದ ಅನುಮತಿ ಪತ್ರ ಬೇಕು. ಶಾಕ್ ಅಬ್ಸಾರ್ಬರ್ ಬದಲಿಸಿ ಎಷ್ಟೋ ಕಾಲ ಆಗಿದೆ, ಈ ವಾರವೇ ತೋರಿಸುತ್ತೇನೆ. ಆದರೆ ನನ್ನ ಕಾರಿನ ಹಿಂದೆ ಗಾಳಿ ಏನು ಮಾಡುತ್ತಿದೆ ಅಂತ ಮನೆಯಲ್ಲೇ ನೋಡುವ ದಾರಿ ಇದೆಯಾ?

ಗಾಳಿಲೆಕ್ಕ:
ಇದೆ. ಉಲ್ಲನ್ ದಾರವನ್ನು ಗೇಣಿಗಿಂತ ಸ್ವಲ್ಪ ಚಿಕ್ಕದಾಗಿ ಕತ್ತರಿಸಿ, ಒಂದು ತುದಿಗೆ ಮಾತ್ರ ಟೇಪ್ ಹಚ್ಚಿ ಹಿಂದಿನ ಗಾಜಿನ ಹೊರಗೆ ಸಾಲಾಗಿ ಅಂಟಿಸಿ. ಬೇರೆಯವರು ಹಿಂದಿನ ಸೀಟಿನಿಂದ ಮೊಬೈಲ್‌ನಲ್ಲಿ ಶೂಟ್ ಮಾಡಲಿ, ನೀವು ರಸ್ತೆ ನೋಡಿ. 80 ಕಿಮೀ ವೇಗ ಸಾಕು. ದಾರಗಳು ಗಾಜಿಗೆ ಒರಗಿ ನೇರ ಮಲಗಿದರೆ ಗಾಳಿ ಅಂಟಿಕೊಂಡಿದೆ ಅಂತ ಅರ್ಥ. ಸುತ್ತಿಕೊಂಡು ಪಟಪಟ ಬಡಿದುಕೊಂಡರೆ ಗಾಳಿ ಅಲ್ಲಿಗಿಂತ ಮೊದಲೇ ಬಿಟ್ಟುಹೋಗಿದೆ. ವಿಡಿಯೋ ಇಲ್ಲಿ ಹಾಕಿ, ಕೂತು ನೋಡೋಣ.