ಅಪ್‌ಡೇಟ್: ತಂದೆ-ಮಗನ ವಯಸ್ಸಿನ ಲೆಕ್ಕ ಬಗೆಹರಿಯಿತು

ಹೋದ ವಾರ ಕೇಳಿದ್ದ ಲೆಕ್ಕ: ತಂದೆಯ ವಯಸ್ಸು ಮಗನದರ ಮೂರು ಪಟ್ಟು, 12 ವರ್ಷ ಕಳೆದರೆ ಎರಡು ಪಟ್ಟು. ಈಗ ಯಾರಿಗೆ ಎಷ್ಟು? ನನಗೆ ಮಗನ ವಯಸ್ಸು ಸೊನ್ನೆ ಅಂತಲೇ ಬರುತ್ತಿತ್ತು!

ನೀವು ಕೊಟ್ಟ ಸಲಹೆಗಳಲ್ಲಿ ಕೆಲಸ ಮಾಡಿದ್ದು ಕೋಷ್ಟಕ ಹಾಕುವ ಸಲಹೆ. ಎರಡು ಸಾಲು (ಮಗ, ತಂದೆ), ಎರಡು ಕಂಬಸಾಲು (ಈಗ, 12 ವರ್ಷದ ನಂತರ). ಮಗನ ಈಗಿನ ವಯಸ್ಸು ಮ ಅಂದರೆ ತಂದೆಯದು 3ಮ. ಆಮೇಲೆ ಮ + 12, 3ಮ + 12. ನಾಲ್ಕೂ ಮನೆ ತುಂಬಿದ ಮೇಲೆಯೇ ಸಮೀಕರಣ:

3ಮ + 12 = 2(ಮ + 12)
3ಮ + 12 = 2ಮ + 24
ಮ = 12

ಮಗನಿಗೆ 12, ತಂದೆಗೆ 36. ಮುಂದೆ 24 ಮತ್ತು 48, ಸರಿಯಾಗಿ ಎರಡು ಪಟ್ಟು. ಸೊನ್ನೆ ಬಂದದ್ದು ಆವರಣ ಬಿಟ್ಟು 2ಮ + 12 ಬರೆದಿದ್ದರಿಂದ. 12 ಕೂಡ ಇಮ್ಮಡಿಯಾಗಬೇಕಿತ್ತು.

ಪದ ನೋಡಿ ಕ್ರಿಯೆ ಆರಿಸುವ ‘ಹೆಚ್ಚು ಅಂದರೆ ಕೂಡು’ ಎಂಬಂಥ ಪದಪಟ್ಟಿಯ ಸಲಹೆ ಕೈಕೊಟ್ಟಿತು. ‘ಇವನ ಬಳಿ 15 ಗೋಲಿ, ಅದು ಅವಳದಕ್ಕಿಂತ 4 ಹೆಚ್ಚು’ ಅಂದರೆ ಅವಳ ಬಳಿ 19 ಅಲ್ಲ, 11. ವಯಸ್ಸಿನ ಲೆಕ್ಕಕ್ಕೆ ಎರಡು ಅವ್ಯಕ್ತಗಳ ದಾರಿಯೂ (ತಂದೆಗೆ ಒಂದು ಅಕ್ಷರ, ಮಗನಿಗೆ ಇನ್ನೊಂದು) ಸರಿಯೇ, ಇಲ್ಲಿಗೆ ಸುಮ್ಮನೆ ಉದ್ದ.

ನಿರೀಕ್ಷಿಸದೇ ಇದ್ದದ್ದು ಇದು: ತಂದೆಗೆ 12 ಕೂಡಿಸುವುದು ಮರೆತು 3ಮ = 2(ಮ + 12) ಬರೆದರೆ ಮ = 24 ಬರುತ್ತದೆ, ಆ ಸಮೀಕರಣಕ್ಕೆ ಚೆನ್ನಾಗಿಯೇ ಹೊಂದುತ್ತದೆ. ಪ್ರಶ್ನೆಯ ವಾಕ್ಯಕ್ಕೇ ಹಾಕಿ ನೋಡಿದರೆ 36 ಮತ್ತು 84, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ. ತಾಳೆ ನೋಡುವುದು ವಾಕ್ಯದ ಜೊತೆಗೇ.