ಸಹಾಯ ಬೇಕು: ಸರ್ಫ್ ಬೋರ್ಡ್ ಒಳಗೆ ನೀರು ಹೋಗಿದೆ

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರಿನವ. ಹೋದ ವರ್ಷದಿಂದ ತಣ್ಣೀರುಬಾವಿ, ಸಸಿಹಿತ್ಲು ಕಡೆ ಸರ್ಫಿಂಗ್ ಕಲಿಯುತ್ತಿದ್ದೇನೆ. ಎಂಟು ಅಡಿಯ ಹಳೇ ಬೋರ್ಡ್ ಒಂದು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೆ. ಮೊನ್ನೆ ಅಲೆಯಲ್ಲಿ ಮಗುಚಿ ಬಿದ್ದಾಗ ಹಿಂದಿನ ತುದಿ ಮರಳಿಗೆ ಬಡಿದು, ಹೆಬ್ಬೆರಳ ಉಗುರಿನಷ್ಟು ಜಾಗ ಒಡೆದಿದೆ. ಒತ್ತಿದರೆ ಉಪ್ಪುನೀರು ಜಿನುಗುತ್ತದೆ. ಸುತ್ತ ಬಣ್ಣವೂ ಹಳದಿಯಾಗಿದೆ.

ದಕ್ಕೆಯಲ್ಲಿ (ಮೀನುಗಾರಿಕೆ ಬಂದರಿನಲ್ಲಿ) ಫೈಬರ್ ದೋಣಿಗೆ ತೇಪೆ ಹಾಕುವವರ ಹತ್ತಿರ ಒಯ್ಯೋಣ ಅಂತಿದ್ದೆ. ಆದರೆ ಒಳಗಿರುವುದು ಇಪಿಎಸ್ ಫೋಮ್ (ಥರ್ಮಾಕೋಲ್ ತರಹದ್ದು) ಆದರೆ ದೋಣಿಗೆ ಹಾಕುವ ಪಾಲಿಯೆಸ್ಟರ್ ರಾಳ (ರೆಸಿನ್) ಅದನ್ನೇ ಕರಗಿಸಿಬಿಡುತ್ತದೆ, ಎಪಾಕ್ಸಿ ರಾಳವೇ ಬೇಕು, ಅಲ್ವಾ? ನನ್ನದು ಯಾವ ಫೋಮ್ ಅಂತ ಒಡೆದ ಜಾಗ ನೋಡಿ ತಿಳಿಯುವುದು ಹೇಗೆ? ಎಷ್ಟು ದಿನ ಒಣಗಿಸಬೇಕು? ಬಿಸಿಲಿಗೆ ಇಡಲು ಭಯ. ಒಮ್ಮೆ ಕಾರಿನಲ್ಲಿ ಬಿಟ್ಟು ಹೋಗಿ, ಕಾಲು ಜಾರದಂತೆ ಬೋರ್ಡಿಗೆ ಹಚ್ಚುವ ವ್ಯಾಕ್ಸ್ ಎಲ್ಲ ಕರಗಿ ಸೀಟಿಗೆ ಅಂಟಿತ್ತು. ಮನೆಯವಳು ಇನ್ನೂ ಅದನ್ನೇ ಹೇಳುತ್ತಾಳೆ!

ಮೂಲ್ಕಿ ಕಡೆ ರಿಪೇರಿ ಗೊತ್ತಿರುವವರು ಇದ್ದರೆ ತಿಳಿಸಿ. ನಮ್ಮ ಬೆಚ್ಚಗಿನ ನೀರಿಗೆ ತಡೆಯುವ ಗಟ್ಟಿ ವ್ಯಾಕ್ಸ್ ಎಲ್ಲಿ ಸಿಗುತ್ತದೆ ಅಂತಲೂ ಹೇಳಿ. ಮಳೆಗಾಲಕ್ಕೆ ಕಡಲು ಕೆಡುವ ಮೊದಲು ಇನ್ನೊಂದು ನಾಲ್ಕು ದಿನ ಇಳಿಯುವ ಆಸೆ. ಫೋಟೋ ಕಾಮೆಂಟಲ್ಲಿ ಹಾಕಿದ್ದೇನೆ.