ಟ್ಯಾಂಕಿನ ಜೇನಿಗೆ ಬೆಂಕಿ ಇಟ್ಟವರು ಯಾರು?

ಮನೆ 27, ರಾತ್ರಿ 11:48
ಟ್ಯಾಂಕಿನ ಅಡಿಯ ಹೆಜ್ಜೇನಿಗೆ ಪಂಜು ಹಿಡಿಸಿದವರು ಯಾರು? ಇಲ್ಲಿಯೇ, ಎಲ್ಲರ ಎದುರಿಗೆ ಹೇಳಿ. ನಮ್ಮ ಜಗಲಿಯ ದೀಪಕ್ಕೆ ಜೇನು ಮುತ್ತಿಕೊಂಡಿದೆ. ಅತ್ತೆಯ ಕುತ್ತಿಗೆಗೆ, ಮಗನ ರೆಪ್ಪೆಗೆ ಕುಟುಕಿವೆ. ಕಾವಲುಗಾರ ಟವೆಲ್ ಹೊದ್ದು ಯಾರದೋ ಕಾರಿನಲ್ಲಿ ಕುಳಿತಿದ್ದಾನೆ. ಮೂಲೆಮನೆಯ ಮರದಲ್ಲಿ ಆದದ್ದೇ ಮತ್ತೆ ಆಯಿತು. ಆಗಲೂ ಯಾರೂ ಬಾಯಿ ಬಿಡಲಿಲ್ಲ.

ಮನೆ 12, ರಾತ್ರಿ 11:51
ಎಲ್ಲರೂ ಮೊದಲು ಹೊರಗಿನ ದೀಪ ಆರಿಸಿ, ಕಿಟಕಿ ಮುಚ್ಚಿ. ಚದುರಿದ ಹೆಜ್ಜೇನು ರಾತ್ರಿ ಬೆಳಕಿನ ಕಡೆಗೇ ನುಗ್ಗುತ್ತದೆ. ಚರ್ಮದಲ್ಲಿ ಮುಳ್ಳು ಉಳಿದಿದ್ದರೆ ಉಗುರಿನಿಂದ ಕೂಡಲೇ ಕೆರೆದು ತೆಗೆಯಿರಿ, ತಡಮಾಡಿದಷ್ಟೂ ವಿಷ ಇಳಿಯುತ್ತದೆ. ಮುಳ್ಳಿನ ವಾಸನೆ ಹಿಡಿದು ಬೇರೆ ಹುಳುಗಳೂ ಅದೇ ಜಾಗಕ್ಕೆ ಎರಗುತ್ತವೆ, ಸೋಪು ಹಚ್ಚಿ ತೊಳೆಯಿರಿ. ಉಸಿರು ಕಟ್ಟಿದರೆ, ನಾಲಿಗೆ ಊದಿದರೆ, ಮೈಮೇಲೆಲ್ಲ ದದ್ದು ಎದ್ದರೆ ಒಂದು ನಿಮಿಷವೂ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ನನ್ನ ಕಾರು ಹೊರಗೇ ಇದೆ.

ಮನೆ 27, ರಾತ್ರಿ 11:56
ಉಸಿರಾಟ ಸರಿಯಾಗಿದೆ, ಊತವಷ್ಟೇ. ದೀಪ ಆರಿಸಿದ್ದೇವೆ. ಕೇಳಿದ್ದಕ್ಕೆ ಉತ್ತರ ಬಂದಿಲ್ಲ.

ಕಾರ್ಯದರ್ಶಿ, ಬೆಳಗ್ಗೆ 6:30
ಟ್ಯಾಂಕಿಗೆ ಬಣ್ಣ ಬಳಿಯುವ ಗುತ್ತಿಗೆದಾರರಿಗೆ ಜಾಗ ತೆರವು ಮಾಡಿಸಿಕೊಳ್ಳಿ ಎಂದು ತಿಳಿಸಲಾಗಿತ್ತು. ಬೆಂಕಿ ಹಚ್ಚಿ ಎಂದು ಯಾರೂ ಹೇಳಿಲ್ಲ.

ಮನೆ 5, ಬೆಳಗ್ಗೆ 6:41
ಬಣ್ಣ ಬಳಿಯುವ ನಿರ್ಧಾರವನ್ನು ಯಾವ ಸಭೆಯಲ್ಲಿ ಮಾಡಿದಿರಿ? ನಾನು ಅಧ್ಯಕ್ಷನಾಗಿದ್ದಾಗ ಇಂಥದ್ದು ನಡೆಯುತ್ತಿರಲಿಲ್ಲ. ಉದ್ಯಾನದ ತುಂಬ ಹೂಗಿಡ ನೆಟ್ಟವರೂ ಉತ್ತರ ಕೊಡಬೇಕು. ಹೂವು ಹೆಚ್ಚಿದ ಮೇಲೆಯೇ ಜೇನು ಬಂದದ್ದು. ಆಗಲೇ ಎಚ್ಚರಿಸಿದ್ದೆ, ಹಳೆಯ ಸಂದೇಶಗಳನ್ನು ತೆಗೆದು ನೋಡಿ.

ಮನೆ 5, ಬೆಳಗ್ಗೆ 6:44
ಬೆಂಚಿನ ಹಣದ ಲೆಕ್ಕವೂ ಇನ್ನೂ ಬಂದಿಲ್ಲ.

ಮನೆ 12, ಬೆಳಗ್ಗೆ 7:10
ಸರ್, ಆ ಹೆಜ್ಜೇನು ಗಿಡ ನೆಡುವ ಮೊದಲಿನಿಂದಲೂ ಬರುತ್ತಿದೆ. ಋತುವಿಗೆ ತಕ್ಕಂತೆ ವಲಸೆ ಹೋಗುವ ಜೇನು ಅದು. ಹೂವಿನ ಕಾಲ ಮುಗಿದರೆ ತಾನಾಗಿಯೇ ಎದ್ದು ಹೋಗುತ್ತದೆ, ಮರುವರ್ಷ ಎಷ್ಟೋ ಬಾರಿ ಅದೇ ಜಾಗಕ್ಕೆ ಮರಳುತ್ತದೆ. ಬಣ್ಣದ ಕೆಲಸವನ್ನು ಅಲ್ಲಿಯವರೆಗೆ ಮುಂದಕ್ಕೆ ಹಾಕಿದ್ದರೆ ಪಂಜೂ ಬೇಕಿರಲಿಲ್ಲ, ನಿನ್ನೆಯ ರಾತ್ರಿಯೂ ಇರುತ್ತಿರಲಿಲ್ಲ. ಬೆಳಗ್ಗೆ ಹೋಗಿ ನೋಡಿ ಬಂದೆ. ಎರಿ ಕರಗಿ ಬಿದ್ದಿದೆ, ಮರಿಹುಳುಗಳೆಲ್ಲ ಸತ್ತಿವೆ. ಬಹಳ ನೋವಾಯಿತು, ಸಿಟ್ಟೂ ಬಂದಿದೆ.

ಈಗ ಮುಂದಿನ ಮಾತು. ಉದ್ಯಾನದ ಗೇಟಿನ ಬಳಿಯ ಹಳೆಯ ಮೀಟರ್ ಪೆಟ್ಟಿಗೆಯಲ್ಲಿ ತುಡುವೆ ಜೇನಿದೆ. ಗುತ್ತಿಗೆದಾರರು ಗುರುವಾರ ಅದನ್ನೂ ತೆರೆಯುತ್ತಾರಂತೆ. ಅದನ್ನಾದರೂ ಉಳಿಸಿಕೊಳ್ಳೋಣ.

ಮನೆ 31, ಬೆಳಗ್ಗೆ 7:22
*ಫಾರ್ವರ್ಡ್ ಮಾಡಿದ ಸಂದೇಶ:* ಜೇನು ಅಳಿದರೆ ನಾಲ್ಕೇ ವರ್ಷಗಳಲ್ಲಿ ಮನುಕುಲ ಅಳಿಯುತ್ತದೆ – ಐನ್‌ಸ್ಟೈನ್. 🙏🐝 ಹತ್ತು ಜನರಿಗೆ ಕಳುಹಿಸಿ.

ಮನೆ 12, ಬೆಳಗ್ಗೆ 7:25
ಐನ್‌ಸ್ಟೈನ್ ಹೀಗೆ ಹೇಳಿದರೆಂಬುದಕ್ಕೆ ದಾಖಲೆಯೇ ಇಲ್ಲ. ಭತ್ತ, ಗೋಧಿಯಂಥ ಧಾನ್ಯಗಳಿಗೆ ಜೇನೇ ಬೇಕೆಂದಿಲ್ಲ. ಆದರೆ ಜಗತ್ತಿನ ಮುಖ್ಯ ಆಹಾರ ಬೆಳೆಗಳಲ್ಲಿ ಸುಮಾರು 75% ಒಂದಲ್ಲ ಒಂದು ಮಟ್ಟಿಗೆ ಪರಾಗಸ್ಪರ್ಶ ಮಾಡುವ ಜೀವಿಗಳನ್ನು ನೆಚ್ಚಿಕೊಂಡಿವೆ. ಜೇನನ್ನು ಉಳಿಸಲು ಇಷ್ಟು ಕಾರಣ ಸಾಲದೇ?

ಮನೆ 19, ಬೆಳಗ್ಗೆ 7:31
ರಾಣಿ ಜೇನನ್ನೇ ಕಾರ್ಯದರ್ಶಿ ಮಾಡಿ. ಸಭೆ ಕರೆಯದೆಯೇ ಎಲ್ಲ ಕೆಲಸ ನಡೆಯುತ್ತದೆ. 😀

ಕಾರ್ಯದರ್ಶಿ, ಬೆಳಗ್ಗೆ 7:33
ಇದು ತಮಾಷೆಯ ಸಮಯವಲ್ಲ.

ಮನೆ 27, ಬೆಳಗ್ಗೆ 7:40
12ರ ಸರ್, ಉಳಿಸುವುದು ಹೇಗೆ, ಹೇಳಿ. ಮಗನ ಕಣ್ಣು ಇನ್ನೂ ತೆರೆದಿಲ್ಲ. ಆದರೂ ಕೇಳುತ್ತಿದ್ದೇನೆ. ತಪ್ಪು ಆ ಹುಳುಗಳದ್ದಲ್ಲ.

ಮನೆ 12, ಬೆಳಗ್ಗೆ 8:15
ಮೇಡಂ, ಹೆಜ್ಜೇನನ್ನು ಪೆಟ್ಟಿಗೆಯಲ್ಲಿ ಸಾಕಲು ಆಗುವುದಿಲ್ಲ. ಅದು ಬಯಲಿನಲ್ಲಿ ಒಂದೇ ಒಂದು ದೊಡ್ಡ ಎರಿ ಕಟ್ಟುತ್ತದೆ. ತುಡುವೆಯ ರೀತಿ ಬೇರೆ. ಪೊಟರೆಯಂಥ ಕತ್ತಲ ಜಾಗದಲ್ಲಿ ಸಾಲಾಗಿ ಹಲವು ಎರಿ ಕಟ್ಟುವುದರಿಂದ ಪೆಟ್ಟಿಗೆಗೆ ಹೊಂದಿಕೊಳ್ಳುತ್ತದೆ. ಜೇನು ಸಾಕುವ ಪರಿಚಯಸ್ಥರೊಬ್ಬರು ಹೀಗೆ ಸಿಕ್ಕಿಬಿದ್ದ ಜೇನು ಕುಟುಂಬಗಳನ್ನು ಬಿಡಿಸಿ ಒಯ್ಯುತ್ತಾರೆ. ಮರಿಯಿರುವ ಎರಿಗಳನ್ನು ಕತ್ತರಿಸಿ ಚೌಕಟ್ಟಿಗೆ ದಾರದಿಂದ ಕಟ್ಟುತ್ತಾರೆ, ರಾಣಿಯನ್ನು ಹುಡುಕಿ ಪೆಟ್ಟಿಗೆಯೊಳಗೆ ಬಿಡುತ್ತಾರೆ. ರಾಣಿ ಒಳಗಿದ್ದರೆ ಉಳಿದ ಹುಳುಗಳು ತಾವೇ ಬಂದು ಸೇರುತ್ತವೆ. ಮೇಯಲು ಹೋದವು ಮರಳಿದ ಮೇಲೆ, ಕತ್ತಲಾದ ನಂತರ, ಪೆಟ್ಟಿಗೆಯನ್ನು ಕೆಲವು ಕಿಲೋಮೀಟರ್ ದೂರ ಸಾಗಿಸಬೇಕು. ಹತ್ತಿರದಲ್ಲೇ ಇಟ್ಟರೆ ಮರುದಿನ ಹಳೆಯ ಜಾಗಕ್ಕೇ ಬಂದು ಸುತ್ತುತ್ತವೆ.

ಇಷ್ಟು ಕೆಲಸವನ್ನು ಅವರು ಮಾಡುತ್ತಾರೆ. ಕಷ್ಟ ಇರುವುದು ಆಮೇಲೆ. ಎತ್ತಿ ತಂದ ಕುಟುಂಬ ಕಟ್ಟಿದ ಎರಿಯನ್ನೂ ಕೂಡಿಟ್ಟ ತುಪ್ಪವನ್ನೂ ಬಹುಪಾಲು ಕಳೆದುಕೊಂಡಿರುತ್ತದೆ. ಹೂವಿಲ್ಲದ ದಿನಗಳಲ್ಲಿ ಸಕ್ಕರೆ ಪಾಕ ಕೊಡಬೇಕು. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲುಗಳಿಗೆ ನೀರಿನ ಬಟ್ಟಲು ಇಡಬೇಕು. ಮೇಣದ ಪತಂಗ ಹೊಕ್ಕಿದೆಯೇ, ಮರಿಗಳಿಗೆ ಥಾಯ್ ಸ್ಯಾಕ್‌ಬ್ರೂಡ್ ರೋಗ ತಗುಲಿದೆಯೇ ಎಂದು ಆಗಾಗ ತೆರೆದು ನೋಡಬೇಕು. ಅದು ವೈರಸ್‌ನಿಂದ ಬರುವ ರೋಗ, ಮರಿಗಳನ್ನು ನೀರು ತುಂಬಿದ ಚೀಲದಂತೆ ಮಾಡಿ ಕೊಲ್ಲುತ್ತದೆ. ಅದಕ್ಕೇ ನಾನು ಕೇಳುತ್ತಿರುವುದು: ಆ ಒಂದು ಕುಟುಂಬದ ಒಂದು ವರ್ಷದ ಖರ್ಚನ್ನು ನಮ್ಮ ರಸ್ತೆ ಹೊರಲಿ. ಹತ್ತು ಮನೆಗಳು ಸೇರಿದರೆ ಯಾರಿಗೂ ಹೊರೆಯಾಗುವುದಿಲ್ಲ.

ಮನೆ 5, ಬೆಳಗ್ಗೆ 8:19
ಹಣ ಕೊಟ್ಟವರಿಗೆ ತಲಾ ಎಷ್ಟು ತುಪ್ಪ ಸಿಗುತ್ತದೆ?

ಮನೆ 12, ಬೆಳಗ್ಗೆ 8:24
ಮೊದಲ ವರ್ಷ ಸಿಗುವುದಿಲ್ಲ, ಕೇಳಲೂಬಾರದು. ಅದು ಅವುಗಳ ಹೊಟ್ಟೆಯ ಪಾಲು. ನಾವು ಕೊಡುವುದು ಅವುಗಳ ಆರೈಕೆಗೆ.

ಮನೆ 5, ಬೆಳಗ್ಗೆ 8:26
ಮತ್ತೆ ಜೇನು ಹಾರಿಹೋದರೆ? ನಮ್ಮ ಹಣ?

ಮನೆ 12, ಬೆಳಗ್ಗೆ 8:30
ಹಾರಿಹೋಗಬಹುದು, ಅದನ್ನು ಮುಚ್ಚಿಟ್ಟು ಯಾರಿಂದಲೂ ಹಣ ಕೇಳುವುದಿಲ್ಲ. ಹಸಿವಾದರೆ, ಕಿರುಕುಳ ಹೆಚ್ಚಾದರೆ ತುಡುವೆ ಗೂಡು ತೊರೆಯುತ್ತದೆ. ಆರೈಕೆ ಇದ್ದರೆ ಆ ಸಾಧ್ಯತೆ ಕಡಿಮೆ. ಹೋಗಿಯೇ ಬಿಟ್ಟರೆ ಆ ಪೆಟ್ಟಿಗೆಗೆ ಮತ್ತೊಂದು ಕುಟುಂಬವನ್ನು ತಂದು ಬಿಡುತ್ತಾರೆ.

ಮನೆ 22, ಬೆಳಗ್ಗೆ 8:47
ನಮ್ಮ ಹಿತ್ತಿಲ ಗೋಡೆಯ ಬಿರುಕಿನಲ್ಲಿ ನೊಣಕ್ಕಿಂತ ಚಿಕ್ಕ ಕಪ್ಪು ಹುಳುಗಳಿವೆ. ಬಿರುಕಿನ ಬಾಯಿಯಲ್ಲಿ ಮೇಣದ ಕೊಳವೆಯಿದೆ. ಔಷಧ ಹೊಡೆಸಬೇಕೆಂದಿದ್ದೆ.

ಮನೆ 12, ಬೆಳಗ್ಗೆ 8:49
ದಯವಿಟ್ಟು ಹೊಡೆಸಬೇಡಿ! ಅದು ಮುಜಂಟಿ ಜೇನು, ಅದಕ್ಕೆ ಕುಟುಕುವ ಮುಳ್ಳೇ ಇಲ್ಲ. ಅಲ್ಲಿಯೇ ಇರಲಿ.

ಮನೆ 22, ಬೆಳಗ್ಗೆ 8:52
ಸರಿ, ಬಿಡುತ್ತೇನೆ. ಪೆಟ್ಟಿಗೆಯ ಖರ್ಚಿಗೆ ನಮ್ಮ ಮನೆಯನ್ನೂ ಬರೆದುಕೊಳ್ಳಿ.

ಮನೆ 12, ಬೆಳಗ್ಗೆ 8:54
ಪಟ್ಟಿ: ಮನೆ 12, ಮನೆ 22. ಮುಂದಿನವರು ಸೇರಿಸುತ್ತಾ ಹೋಗಿ. ಗುರುವಾರದೊಳಗೆ ಬೇಕು.

ಮನೆ 5, ಬೆಳಗ್ಗೆ 9:02
ಹಣ ಯಾರ ಕೈಯಲ್ಲಿರುತ್ತದೆ? ಸಂಘದ ಖಾತೆಗಾದರೆ ನನ್ನ ಒಪ್ಪಿಗೆಯಿಲ್ಲ. ಬೆಂಚಿನ ಲೆಕ್ಕ ಮೊದಲು ಬರಲಿ.

ಕಾರ್ಯದರ್ಶಿ, ಬೆಳಗ್ಗೆ 9:05
ಬೆಂಚಿನ ಲೆಕ್ಕವನ್ನು ಸೂಚನಾ ಫಲಕದಲ್ಲಿ ಹಾಕಲಾಗಿತ್ತು. ನೀವು ಆಗ ಊರಲ್ಲಿರಲಿಲ್ಲ.

ಮನೆ 5, ಬೆಳಗ್ಗೆ 9:06
ನಾನು ಇಲ್ಲದಾಗಲೇ ಹಾಕಿದಿರಿ ಎಂದಾಯಿತು.

ಮನೆ 31, ಬೆಳಗ್ಗೆ 9:20
*ಫಾರ್ವರ್ಡ್ ಮಾಡಿದ ಸಂದೇಶ:* ಮೇ 20 ವಿಶ್ವ ಜೇನುನೊಣ ದಿನ. ಎಲ್ಲರಿಗೂ ಶುಭಾಶಯಗಳು 🌼

ಮನೆ 9, ಬೆಳಗ್ಗೆ 9:34
ಟ್ಯಾಂಕಿನ ಹೊರಗಿನ ಪೈಪು ಸೋರುತ್ತಿರುವುದು ಯಾರಿಗಾದರೂ ಕಾಣುತ್ತಿದೆಯೇ? ಜೇನು ಗುಂಪುಗುಂಪಾಗಿ ಅಲ್ಲಿಗೇ ನೀರಿಗೆ ಬರುತ್ತಿತ್ತು. ನೀರು ನಮ್ಮ ಗೋಡೆಗೆ ಇಳಿದು ಗಾರೆ ಉದುರುತ್ತಿದೆ. ಹಿಂದೆಯೂ ಬರೆದಿದ್ದೆ.

ಮನೆ 14, ಬೆಳಗ್ಗೆ 9:36
ನಮ್ಮ ಕಡೆ ನೀರಿನ ಒತ್ತಡ ಕಡಿಮೆಯಾಗಿರುವುದು ಇದರಿಂದಲೇ!

ಮನೆ 5, ಬೆಳಗ್ಗೆ 9:37
ಪೈಪು ಹಾಕಿಸಿದ್ದು ಯಾರ ಕಾಲದಲ್ಲಿ ಎಂದು ಮೊದಲು ಹೇಳಿ.

ಕಾರ್ಯದರ್ಶಿ, ಬೆಳಗ್ಗೆ 9:38
ನಿಮ್ಮ ಕಾಲದಲ್ಲಿ.

ಮನೆ 12, ಬೆಳಗ್ಗೆ 10:15
ಪಟ್ಟಿಯಲ್ಲಿ ಇನ್ನೂ ಎರಡೇ ಮನೆಗಳಿವೆ. ಗುತ್ತಿಗೆದಾರರಿಗೆ ಗುರುವಾರ ಆ ಪೆಟ್ಟಿಗೆ ತೆರೆಯಬೇಡಿ ಎಂದಾದರೂ ಕಾರ್ಯದರ್ಶಿಗಳು ಹೇಳಲಿ.

ಮನೆ 27, ಬೆಳಗ್ಗೆ 10:18
ನಮ್ಮನ್ನೂ ಸೇರಿಸಿ. ಬೆಂಕಿ ಇಡಿಸಿದವರ ಹೆಸರು ನನಗೆ ಇನ್ನೂ ಬೇಕು.

ಕಾರ್ಯದರ್ಶಿ, ಬೆಳಗ್ಗೆ 10:40
ಭಾನುವಾರ ಬೆಳಗ್ಗೆ ಹತ್ತಕ್ಕೆ ಪೈಪಿನ ವಿಷಯವಾಗಿ ತುರ್ತು ಸಭೆ. ಜೇನಿನ ವಿಷಯ ಅದರ ನಂತರದ ಸಭೆಗೆ.

ಮನೆ 12, ಬೆಳಗ್ಗೆ 10:41
ಗುರುವಾರ ಭಾನುವಾರಕ್ಕಿಂತ ಮೊದಲು ಬರುತ್ತದೆ. ನಾಳೆ ಸಂಜೆಯೇ ಜೇನು ಸಾಕುವವರನ್ನು ಕರೆಸುತ್ತೇನೆ. ಗೇಟಿನ ಬೀಗದ ಕೈ ಯಾರ ಬಳಿ ಇದೆ?

ಮನೆ 14, ಬೆಳಗ್ಗೆ 10:44
ಹೊಸ ಪೈಪು ಎಡಬದಿಯಿಂದ ಬರುತ್ತದೆಯೋ ಬಲಬದಿಯಿಂದಲೋ?

ಮನೆ 5, ಬೆಳಗ್ಗೆ 10:45
ನಮ್ಮ ಗೇಟಿನ ಮುಂದೆ ಅಗೆಯುವಂತಿಲ್ಲ, ಈಗಲೇ ಹೇಳಿದ್ದೇನೆ.